ಮೇಣದಬತ್ತಿ ಹುಡುಗನೂ ನಮ್ಮಪ್ಪನ ಸಾಸರೂ

ಮೊನ್ನೆ ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಿದ್ದೆ. ಪಕ್ಕದ ಬೆಂಚಿನ ಹಿರಿಯರೊಬ್ಬರ ಮುಂದೆ ಕಾಗದದ ಲೋಟದಲ್ಲಿ ಟೀ ತಂದಿಟ್ಟರು. ಅವರು ಲೋಟವನ್ನು ಅತ್ತಲಿಂದ ನೋಡಿದರು, ಇತ್ತಲಿಂದ ನೋಡಿದರು, "ಇದ್ರ ಸಾಸರ್ ಎಲ್ಲಯ್ಯಾ?" ಅಂದರು. "ಈಗೆಲ್ಲಾ ಸಾಸರ್ ಇಲ್ಲ ಯಜಮಾನ್ರೇ" ಅಂದ ಟೀ ತಂದವನು. "ಸಾಸರಿಲ್ದೆ ಓಟ್ಲು ಯಾಕ್ಲಾ ಮಡಗಿದ್ದೀರಿ?" ಅಂತ ಗದರಿ, ಇಡ್ಲಿ ತಿಂದು ಖಾಲಿಯಾಗಿದ್ದ ತಟ್ಟೆಗೇ ಟೀ ಬಗ್ಗಿಸಿಕೊಂಡು ಸೊರ್ರ್ ಎಂದು ಎಳೆದರು. ಚಟ್ನಿಯ ಚೂರು ಟೀಯಲ್ಲಿ ತೇಲುತ್ತಿತ್ತು. ಅವರಿಗೆ ಅದರ ಚಿಂತೆ ಇರಲಿಲ್ಲ.

ಆ ಸದ್ದಿಗೆ ಹೋಟೆಲಿನಲ್ಲಿ ಒಬ್ಬರೂ ತಿರುಗಲಿಲ್ಲ. ನಾನು ಮಾತ್ರ ತಿರುಗಿದೆ. ಆ ಸದ್ದು ಕೇಳಿದರೆ ನನಗೆ ಒಂದೇ ಏಟಿಗೆ ಇಂಗ್ಲೆಂಡೂ ನೆನಪಾಗುತ್ತದೆ, ನಮ್ಮಪ್ಪನೂ ನೆನಪಾಗುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ನಡುವೆ ನಿಂತು ಪರಿಚಯ ಮಾಡಿಸಿದ ತಪ್ಪಿಗೆ ನನ್ನ ಮದುವೆಯೊಂದು ನಿಂತುಹೋಯಿತು. ಆ ಕತೆ ಹೇಳುತ್ತೇನೆ, ಆದರೆ ನೇರವಾಗಿ ಹೇಳುತ್ತೇನೆಂಬ ಭರವಸೆ ಇಟ್ಟುಕೊಳ್ಳಬೇಡಿ.

ನಮ್ಮಪ್ಪ ಟ್ರಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುವವನು. ಮದ್ದೂರಿನಿಂದ ಭಾರತೀನಗರಕ್ಕೆ ಹೋಗುವ ದಾರಿಯಲ್ಲಿ ಶೆಡ್ಡು, ಶೆಡ್ಡಿನ ಬೆನ್ನಿಗೆ ಮನೆ. ಫ್ಯಾಕ್ಟರಿಯಲ್ಲಿ ಕಬ್ಬು ಅರೆಯಲು ಶುರುವಾದರೆ ಮುರಿದ ಟ್ರೈಲರುಗಳು ನಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ನಾನು ಕಾಲೇಜಿಗೆ ಹೋಗುವಾಗ ಜಡೆಗೆ ಗ್ರೀಸು ತಾಗದಂತೆ ಹಿಡಿದುಕೊಂಡು ಅವುಗಳ ಅಡಿಯಲ್ಲಿ ತೂರಿ ರಸ್ತೆ ಸೇರುತ್ತಿದ್ದೆ. ಅಪ್ಪ ಎಂದರೆ ಏಕವಚನ, ನಮ್ಮ ಕಡೆ ಹಾಗೇ. ಬೇರೆ ಊರಿನವರು ಕೇಳಿದರೆ ಜಗಳವಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನಾವು ಊಟಕ್ಕೆ ಕರೆಯುವುದೂ ಅದೇ ದನಿಯಲ್ಲಿ.

ಅಪ್ಪ ಟೀ ಕುಡಿಯುವುದನ್ನು ನೀವು ನೋಡಬೇಕಿತ್ತು. ಕಪ್ಪೆತ್ತಿ ಸಾಸರಿಗೆ ಬಗ್ಗಿಸುವುದು, ಸಾಸರನ್ನು ಬೆರಳುಗಳ ಮೇಲೆ ಕೂರಿಸಿಕೊಂಡು ಊದುವುದು, ಆಮೇಲೆ ಕಣ್ಣು ಮುಚ್ಚಿ ಎಳೆಯುವುದು. ಅಡುಗೆಮನೆಯಲ್ಲಿದ್ದ ಅವ್ವನಿಗೆ ಆ ಸದ್ದಿನಲ್ಲೇ ಸಕ್ಕರೆಯ ವಿಷಯ ತಿಳಿಯುತ್ತಿತ್ತು. ಉದ್ದಕ್ಕೆ ಬಂದರೆ ಸರಿಯಾಗಿದೆ, ತುಂಡು ತುಂಡಾಗಿ ಬಂದರೆ ಕಮ್ಮಿ. ಶೆಡ್ಡಿಗೆ ಯಾರಾದರೂ ಬಂದರಂತೂ ಪಕ್ಕದ ಅಂಗಡಿಯಿಂದ ಒಂದು ಟೀ ಬರುತ್ತಿತ್ತು, ಅದು ಬೈಟು. ಅಪ್ಪ ಅರ್ಧವನ್ನು ಸಾಸರಿಗೆ ಬಗ್ಗಿಸಿ ಬಂದವರ ಮುಂದೆ ತಳ್ಳುತ್ತಿದ್ದ. ಬಿಸಿ ಕಪ್ಪು ತನಗೆ, ಹದವಾಗಿ ಆರಿದ ಸಾಸರು ಬಂದವರಿಗೆ. ಅದು ಮರ್ಯಾದೆ. ಬೇಡ ಅಂದವರ ಟ್ರೈಲರನ್ನು ಅಪ್ಪ ಎಲ್ಲಕ್ಕಿಂತ ಕೊನೆಗೆ ಮುಟ್ಟುತ್ತಿದ್ದ.

ಇಂಥ ಮನೆಯಿಂದ ಹೋಗಿ ನಾನು ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡೆ. ಯಾಕೆ ಅಂತ ಕೇಳಬೇಡಿ. ಅರ್ಥಶಾಸ್ತ್ರದ ಸಾಲು ಉದ್ದವಿತ್ತು, ಬಿಸಿಲಿತ್ತು, ಇಂಗ್ಲಿಷಿನ ಸಾಲಿನಲ್ಲಿ ನೆರಳಿತ್ತು. ಅಂತೂ ಭಾರತೀನಗರದ ಕಾಲೇಜಿನಲ್ಲಿ ನಮ್ಮ ಪಾಲಿಗೆ ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಾದಂಬರಿ ಬಿತ್ತು. ಹೆಸರು ಹೇಳುವುದಿಲ್ಲ. ಹೇಳಿದರೆ ಓದಿದವರು ಜಗಳಕ್ಕೆ ಬರುತ್ತಾರೆ. ಓದದವರು ಓದಿದಂತೆ ನಟಿಸುತ್ತಾ ಇನ್ನೂ ಜೋರಾಗಿ ಬರುತ್ತಾರೆ. ತಲೆಗೆ ಇಟ್ಟುಕೊಂಡರೆ ಒಳ್ಳೆ ನಿದ್ದೆ ಬರುವಷ್ಟು ದಪ್ಪ ಪುಸ್ತಕ ಅಂದರೆ ಸಾಕು.

ಕತೆ ಇಷ್ಟು. ಮೇಣದಬತ್ತಿ ಮಾಡುವವನ ಮಗ ಒಬ್ಬ. ಮಳೆಗೆ ಸಿಕ್ಕಿ ದೊಡ್ಡ ಮನೆತನದ ಹುಡುಗಿಯೊಬ್ಬಳು ಅವರ ಅಂಗಡಿಯೊಳಗೆ ಬಂದು ನಿಲ್ಲುತ್ತಾಳೆ. ಹುಡುಗನ ಅಪ್ಪ ಉಪಚಾರಕ್ಕೆ ಟೀ ಕಾಯಿಸಿ, ಸಾಸರಿಗೆ ಬಗ್ಗಿಸಿಕೊಳ್ಳುತ್ತಾನೆ. ಹುಡುಗಿ ಮುಖ ತಿರುಗಿಸುತ್ತಾಳೆ. ಹುಡುಗನ ಕಿವಿ ಕೆಂಪಾಗುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಮುಗಿಯುವವರೆಗೂ ಅವನು ಅಪ್ಪನನ್ನು ಮುಚ್ಚಿಡುವುದರಲ್ಲೇ ಆಯುಷ್ಯ ಕಳೆಯುತ್ತಾನೆ. ಲಂಡನ್ನಿಗೆ ಹೋಗುತ್ತಾನೆ, ಒಳ್ಳೆ ಕೋಟು ಹೊಲಿಸುತ್ತಾನೆ, ನೋಡಲು ಬಂದ ಅಪ್ಪನನ್ನು ಹಿತ್ತಲ ಬಾಗಿಲಿನಿಂದ ಕರೆದುಕೊಳ್ಳುತ್ತಾನೆ. ಆ ಹುಡುಗಿ ಯಾರೋ ಕುದುರೆ ಇದ್ದವನನ್ನು ಮದುವೆಯಾಗುತ್ತಾಳೆ. ಇವನಿಗೆ ಅಪ್ಪನೂ ಇಲ್ಲ, ಹುಡುಗಿಯೂ ಇಲ್ಲ, ಕೋಟೊಂದೇ ಗತಿ.

ಪಾಠ ಮಾಡುತ್ತಿದ್ದವರು ಜಬೀನಾ ಮೇಡಂ. ಅತಿಥಿ ಉಪನ್ಯಾಸಕಿ, ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇಂಗ್ಲಿಷನ್ನು ರಾಣಿಯ ಹಾಗೆ ಓದಿ, ಅರ್ಥವನ್ನು ಕಂಡಕ್ಟರನ ಹಾಗೆ ಹೇಳುವವರು. ಸಾಸರಿನ ಭಾಗ ಓದಿ ಮುಗಿಸಿ ಪುಸ್ತಕ ಮಡಚಿ, "ಈಗ ಹೇಳಿ, ಆ ಹುಡುಗನಿಗೆ ಯಾಕೆ ಅಷ್ಟು ಅವಮಾನ ಆಯ್ತು?" ಅಂತ ಕೇಳಿದರು.

ಆತಗೂರಿನ ಸಿದ್ದರಾಜು ಎದ್ದ. ಕ್ಲಾಸಿನಲ್ಲಿ ಅವನು ಎದ್ದರೆ ಅದು ಪಂಚಾಯಿತಿಗೆ ಎದ್ದಂತೆ. "ಆಗ್ದೆ ಇರ್ತದಾ ಮೇಡಂ? ಆ ಯಪ್ಪ ಮರ್ವಾದೆಯಾಗಿ ಸಾಸರ್‌ಗೆ ಅರ್ಧ ಟೀ ಬಗ್ಗುಸ್ದ. ಆ ಯಮ್ಮ ಮಕ ತಿರುಗುಸ್ಬುಟ್ಳು. ಬೈಟು ಬ್ಯಾಡ ಅಂದ್ರೆ ಯಾವ್ ಮಗನ್ಗೆ ಕ್ವಾಪ ಬರಾಕಿಲ್ಲ?"

"ಬೈಟು ಅಲ್ಲ ಕಣಪ್ಪ. ಅವನು ತಾನು ಕುಡಿಯೋಕೆ ಬಗ್ಗಿಸಿಕೊಂಡಿದ್ದು."

"ಮಳೇಲಿ ನೆಂದ್ಕಂಡ್ ಬಂದವ್ಳ ಮುಂದೆ ತಾನೊಬ್ನೇ ಬಗ್ಗುಸ್ಕೊಂಡ್ ಕುಡಿತನಾ ಮೇಡಂ? ಅಂತ ಮನ್ಸ ಅಲ್ಲ ಅವ್ನು. ಪುಸ್ತಕ್ದಾಗೇ ಅದೆ, ಒಳ್ಳೇವ್ನು ಅಂತ."

ಇಡೀ ಕ್ಲಾಸು ಹೌದೌದು ಅಂದಿತು. ಚಿಕ್ಕರಸಿನಕೆರೆಯ ಶೋಭಾ ಹುಡುಗಿಯ ಪರ ವಕಾಲತ್ತಿಗೆ ನಿಂತಳು. "ಆ ಉಡ್ಗೀಗೆ ಟೀ ಆಗಾಕಿಲ್ವೇನೋ, ಪಿತ್ತ ಇದ್ದಾತು. ಬಾಯ್ಬುಟ್ ಏಳ್ಬೋದಿತ್ತು ಅಷ್ಟೇಯ." ಇನ್ನೊಬ್ಬರು ಆ ಅಪ್ಪ ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡಬೇಕಿತ್ತು ಅಂದರು. ಮೇಡಂ ಹಣೆ ಒತ್ತಿಕೊಂಡು, ಅಲ್ಲಿ ದೊಡ್ಡ ಮನೆಯವರು ಸಾಸರಿನಲ್ಲಿ ಕುಡಿಯುವುದನ್ನು ಕೀಳು ಅಂತ ತಿಳಿಯುತ್ತಿದ್ದರು, ಅದೇ ಇಲ್ಲಿಯ ಮುಖ್ಯ ವಿಚಾರ ಅಂತ ಬಿಡಿಸಿ ಹೇಳಿದರು. ಕ್ಲಾಸಿಗೆ ಸಿಡಿಲು ಹೊಡೆದ ಹಾಗಾಯಿತು.

"ಅಂಗಾದ್ರೆ ಸಾಸರ್ ಯಾಕ್ ಮಾಡುದ್ರು ಮೇಡಂ?" ಸಿದ್ದರಾಜು ಕೂತೇ ಇರಲಿಲ್ಲ.

"ಚೆಲ್ಲಿದ್ದನ್ನ ಹಿಡಿಯೋಕೆ."

"ಚೆಲ್ಲೋರ್ಗೆ ಮರ್ವಾದೆ, ಬಗ್ಗುಸ್ಕಂಡ್ ಕುಡಿಯೋರ್ಗೆ ಇಲ್ವಾ?"

ಮೇಡಂ ಗಡಿಯಾರ ನೋಡಿದರು. ಮಳವಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಾಪ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಪರೀಕ್ಷೆಯಲ್ಲೂ ನಾವು ಹಟ ಬಿಡಲಿಲ್ಲ. ಹುಡುಗಿ ಬೈಟು ನಿರಾಕರಿಸಿದ್ದರಿಂದಲೇ ಪ್ರೇಮ ಮುರಿಯಿತು, ಹುಡುಗ ಅಲ್ಲೇ ಎದ್ದು ಅಪ್ಪನ ಪರ ಎರಡು ಮಾತಾಡಿದ್ದರೆ ಕಾದಂಬರಿ ಇಷ್ಟು ಉದ್ದ ಆಗುತ್ತಲೇ ಇರಲಿಲ್ಲ ಅಂತ ನಮಗೆ ಬಂದ ಇಂಗ್ಲಿಷಿನಲ್ಲಿ ಬರೆದೆವು. ನಾನೂ ಹಾಗೇ ಬರೆದೆ. ಪೇಪರು ಹಂಚುವಾಗ ಮೇಡಂ, "ಎಲ್ಲಾ ತಪ್ಪು. ಆದರೆ ಮರ್ಯಾದಸ್ಥರ ತಪ್ಪು, ಅದಕ್ಕೇ ಪಾಸು ಮಾಡಿದೀನಿ" ಅಂದರು. ಆ ಮಾತಿಗೆ ಸಿದ್ದರಾಜು ಎದ್ದು ಕೈ ಮುಗಿದ.

ಸರಿಯಾಗಿ ಬರೆದವನು ಕ್ಲಾಸಿಗೆ ಒಬ್ಬನೇ, ಪ್ರಸನ್ನ. ಮಂಡ್ಯ ಟೌನಿನವನು. ಅಪ್ಪ ದೊಡ್ಡ ಕಚೇರಿಯೊಂದರಲ್ಲಿ ಅಧಿಕಾರಿ, ಅಮ್ಮ ಹೈಸ್ಕೂಲಿನ ಮುಖ್ಯ ಉಪಾಧ್ಯಾಯಿನಿ. ಅವನ ಉತ್ತರವನ್ನು ಮೇಡಂ ಎಲ್ಲರಿಗೂ ಓದಿ ಹೇಳಿದರು. ನಮಗೆ ಪ್ರಿಯರಾದವರೇ ಒಮ್ಮೊಮ್ಮೆ ಎಲ್ಲರೆದುರು ನಮ್ಮನ್ನು ಸಣ್ಣವರನ್ನಾಗಿ ಮಾಡಿಬಿಡುತ್ತಾರೆ, ಅದನ್ನು ಯಾರಿಗೂ ಹೇಳಿಕೊಳ್ಳಲು ಆಗುವುದಿಲ್ಲ ಅಂತ ಬರೆದಿದ್ದ. ನಾನು ಬೆರಗಾಗಿ ಅವನ ಕಡೆ ನೋಡಿದೆ. ಅವನು ಡೆಸ್ಕಿನ ಮೇಲೆ ಉಗುರಿನಿಂದ ಗೀಚುತ್ತಿದ್ದ. ಎಷ್ಟು ಸೂಕ್ಷ್ಮ ಮನಸ್ಸು, ಇಂಗ್ಲೆಂಡಿನ ಹುಡುಗನ ಸಂಕಟ ಇವನಿಗೆ ಮಂಡ್ಯದಲ್ಲಿ ಕೂತು ತಿಳಿಯಿತಲ್ಲ ಅಂತ ಕರಗಿಹೋದೆ. ಹೇಗೆ ತಿಳಿಯಿತು ಅಂತ ಒಂದು ಸಲ ಯೋಚನೆ ಮಾಡಬೇಕಿತ್ತು. ಆ ವಯಸ್ಸಿನಲ್ಲಿ ಯೋಚನೆ ಯಾರು ಮಾಡುತ್ತಾರೆ, ಹೇಳಿ.

ನಮ್ಮ ಪ್ರೇಮದ ವಿವರ ನಿಮಗೆ ಬೇಡ. ಬಸ್ಸಿನಲ್ಲಿ ಸೀಟು ಹಿಡಿಯುವುದು, ದಾರಿಯಲ್ಲಿ ಹೋಗುವ ಟ್ರಾಕ್ಟರಿನಿಂದ ಕಬ್ಬು ಎಳೆಯುವುದು, ಅವನು ಸಿಪ್ಪೆಯನ್ನು ಕರ್ಚೀಫಿನಲ್ಲಿ ಕಟ್ಟಿಟ್ಟುಕೊಳ್ಳುವುದು, ನಾನು ರಸ್ತೆಗೇ ಉಗಿದು ನಗುವುದು, ಇಷ್ಟೇ. ಓದು ಮುಗಿದು ನಾನು ಮದ್ದೂರಿನ ಶಾಲೆಯೊಂದರಲ್ಲಿ ಟೀಚರಾದೆ, ಅವನಿಗೆ ಮಂಡ್ಯದಲ್ಲಿ ಕೆಲಸವಾಯಿತು. ಮನೆಯವರೊಡನೆ ಹೆಣ್ಣು ನೋಡಲು ಬರುತ್ತೇನೆ ಅಂದ. ನನಗೆ ನೆಲ ಕಾಣಲಿಲ್ಲ. ಅವನೇ ಬೇಕಿತ್ತು ನನಗೆ, ಬೇರೆ ಯಾರನ್ನೂ ಆ ಜಾಗದಲ್ಲಿ ಕೂರಿಸಿ ನೋಡಿರಲೇ ಇಲ್ಲ.

ಸುದ್ದಿ ತಿಳಿದದ್ದೇ ಮಂಡ್ಯದಲ್ಲಿರುವ ನಮ್ಮ ಸೋದರತ್ತೆ, ಅಪ್ಪನ ತಂಗಿ, ಬಂದಿಳಿದಳು. ಅತ್ತೆಗೆ ದೊಡ್ಡ ಮನೆತನಗಳ ರೀತಿನೀತಿ ಗೊತ್ತು, ಟೌನಿನಲ್ಲಿ ಅಂಥವರ ಮನೆಯ ಎದುರೇ ಇದ್ದಾಳೆ. ಶೆಡ್ಡಿನ ಸಿಲಿಂಡರುಗಳ ಮುಂದೆ ಹೂವಿನ ಪರದೆ ಕಟ್ಟಿಸಿದಳು. ಅವ್ವನ ಸೆರಗು ತಿದ್ದಿದಳು. ಕೊನೆಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕೈಗೆ ಕಪ್ಪು ಕೊಟ್ಟಳು.

"ಅಣ್ಣಾ, ಸಾಸರ್ ಮುಟ್ಟಂಗಿಲ್ಲ. ಕಪ್ಪಲ್ಲೇ ಕುಡಿ. ಸೊರ್ ಅನ್ಬ್ಯಾಡ."

"ಸೊರ್ ಅನ್ನಾಕಿಲ್ಲ ಅಂದ್ರೆ ಟೀ ಒಳಕ್ಕೆಂಗೋಯ್ತದಮ್ಮಿ?"

"ಅದಾಗದೇ ಓಯ್ತದೆ. ಒಸಿ ಒಸಿ ಕುಡಿ."

"ಒಸಿ ಒಸಿ ಕುಡಿಯಾಕೆ ಅದೇನ್ ಕಸಾಯ್ವಾ?"

ನಾನು ನಕ್ಕು ನಕ್ಕು ಸುಸ್ತಾದೆ. ಇದೆಲ್ಲ ಯಾಕೆ, ಪ್ರಸನ್ನ ಅಂಥವನಲ್ಲ ಅಂತ ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. "ನೀನ್ ಸುಮ್ಕಿರವ್ವ. ಒಂದಿನಕ್ ಕಲುತ್ರೆ ನನ್ ಗಂಟೇನೂ ಓಗಾಕಿಲ್ಲ" ಅಂದು, ಬೆಂಕಿಯೊಡನೆ ದಿನಾ ಒಡನಾಡುವವನು ಟೀಗೆ ಹೆದರುತ್ತಾ ಕಲಿತ. ಅವ್ವ ಪ್ರತಿ ಸಲ ಟೀ ತಂದಿಟ್ಟು ಕಿವಿಗೊಟ್ಟು ನಿಲ್ಲುತ್ತಿದ್ದಳು. ಸದ್ದೇ ಇಲ್ಲ. ಸಕ್ಕರೆ ಸರಿಯಾಗಿದೆಯೋ ಇಲ್ಲವೋ ಅವಳಿಗೆ ಗೊತ್ತಾಗದೆ ಒದ್ದಾಡಿದಳು.

ಅವರು ಬಂದರು. ಪ್ರಸನ್ನ, ಅವನ ಅಮ್ಮ, ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ಅವನ ತಂದೆ. ತಂದೆಯವರು ಇಳಿಯುತ್ತಲೇ ನಮ್ಮ ಶೆಡ್ಡನ್ನು ಆಸೆಗಣ್ಣಿನಿಂದ ನೋಡಿದರು. ಅವರ ಹೆಂಡತಿ ಕೆಮ್ಮಿದ ಮೇಲೆ ಒಳಗೆ ಬಂದರು. ಅವ್ವ ಗಾಬರಿಯಲ್ಲಿ ಟೀಯನ್ನು ಒಲೆಯಿಂದ ಇಳಿಸಿದ್ದೇ ತಂದುಬಿಟ್ಟಳು. ಕಪ್ಪು ಮುಟ್ಟಲಾರದಷ್ಟು ಬಿಸಿ. ಎಲ್ಲರೂ ಆರಲಿ ಅಂತ ಕಾದರು. ಅಪ್ಪ ಮಾತ್ರ, ಕಾಯುವುದು ಪಾಠದಲ್ಲಿ ಇರಲಿಲ್ಲವಾದ್ದರಿಂದ, ಕಪ್ಪೆತ್ತಿ ಸದ್ದಿಲ್ಲದೆ ಒಂದು ದೊಡ್ಡ ಗುಟುಕು ನುಂಗಿದ. ಕಣ್ಣಲ್ಲಿ ಬುಳಬುಳನೆ ನೀರು ಬಂತು.

ಪ್ರಸನ್ನನ ಅಮ್ಮನ ಮುಖವೇ ಬದಲಾಯಿತು. "ಹೆಣ್ಣು ಹೆತ್ತವರಿಗೆ ಹೀಗೇ ಆಗೋದು, ಸಮಾಧಾನ ಮಾಡ್ಕೊಳ್ಳಿ. ನಿಮ್ಮ ಮಗಳು ನಮ್ಮನೇಲೂ ಮಗಳ ಹಾಗೇ ಇರ್ತಾಳೆ" ಅಂದರು. ಅಪ್ಪನಿಗೆ ನಾಲಿಗೆ ಎದ್ದಿರಲಿಲ್ಲ. ತಲೆ ಮಾತ್ರ ಆಡಿಸಿದ. ಹೀಗೆ ನನ್ನ ಮದುವೆ ನಿಶ್ಚಯವಾಯಿತು. ಅತ್ತೆ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಆ ಸದ್ದು ಬಂತು. ಸೊರ್ರ್. ನಾನು ಅಪ್ಪನನ್ನು ನೋಡಿದೆ. ಅಪ್ಪ ಅಲ್ಲ. ಪ್ರಸನ್ನನ ತಂದೆಯವರು ಸಾಸರನ್ನು ಬೆರಳುಗಳ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಎಳೆಯುತ್ತಿದ್ದರು. ಎಂಥ ಸದ್ದು ಅಂತೀರಿ! ಅಡುಗೆಮನೆಯಿಂದ ಅವ್ವ ಗೆಲುವಾಗಿ ಇಣುಕಿದಳು. ಅಪ್ಪ ಸುಟ್ಟ ನಾಲಿಗೆಯನ್ನು ಬಾಯೊಳಗೆ ಹೊರಳಿಸುತ್ತಾ, ತನ್ನ ಆಸ್ತಿಯನ್ನು ಬೇರೆಯವರು ಅನುಭವಿಸುವುದನ್ನು ನೋಡುವವನ ಹಾಗೆ ಅವರನ್ನೇ ನೋಡಿದ. ನನಗೆ ನಗು ತಡೆಯಲಾಗಲಿಲ್ಲ. ನಗುವಿಗೆ ಜೊತೆ ಬೇಕಾಗಿ ಪ್ರಸನ್ನನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

ಮಾರನೆ ದಿನ ಫೋನು ಮಾಡಿದ.

"ಸಾರಿ ಕಣೇ" ಅಂದ. "ನಿಮ್ಮಪ್ಪ ಎಷ್ಟು ನೀಟಾಗಿ ಕುಡಿದ್ರು. ನಮ್ಮಪ್ಪನೇ ಮಾನ ತೆಗೆದ್ರು. ಕಾರಲ್ಲಿ ಬರುವಾಗಲೂ ಹೇಳಿದ್ವಿ, ಅಮ್ಮನೂ ಹೇಳಿದ್ರು, ನಾನೂ ಹೇಳಿದೆ."

"ಅಯ್ಯೋ, ಅದಕ್ಕೇನೋ? ಟೀ ಬಿಸಿ ಇತ್ತು."

"ನಿನಗೆ ಗೊತ್ತಿಲ್ಲ ಬಿಡು. ನಿಶ್ಚಿತಾರ್ಥಕ್ಕೆ ನಮ್ಮ ಆಫೀಸಿನವರೆಲ್ಲ ಬರ್ತಾರೆ. ಅವತ್ತು ಅಪ್ಪಂಗೆ ಒಳಗಿನ ರೂಮಲ್ಲೇ ಎಲೆ ಹಾಕಿಸಿಬಿಡ್ತೀನಿ. ಶುಗರ್ ಇದೆ, ಊಟ ಬೇರೆ ಅಂತ ಹೇಳಿದ್ರಾಯ್ತು."

"ನಮ್ಮಪ್ಪನ್ನ ಎಲ್ಲಿ ಕೂರಿಸ್ತೀಯ?"

"ನಿಮ್ಮಪ್ಪಂಗೇನು? ಅವರು ಕಲಿತಿದ್ದಾರಲ್ಲ."

ಕ್ಲಾಸಿನಲ್ಲಿ ಸಿದ್ದರಾಜು ಎದ್ದು ನಿಂತ ಹಾಗೆ ನನ್ನೊಳಗೂ ಯಾರೋ ಎದ್ದು ನಿಂತರು. "ಅಪ್ಪನ್ನ ಒಳಗೆ ಕೂರಿಸಿ ಆಚೆ ಉಂಗುರ ಹಾಕಿಸ್ಕೊಳ್ಳೋದಾದ್ರೆ ನಂಗೆ ಈ ಮದುವೆ ಬೇಡ" ಅಂದೆ. ತಮಾಷೆ ಅಂದುಕೊಂಡ. ಇನ್ನೊಮ್ಮೆ ಹೇಳಿದೆ. ಅವನು ಬೇಡಿಕೊಂಡ, ಸಿಟ್ಟು ಮಾಡಿದ, "ಒಂದು ಟೀಗೆ ಇಷ್ಟೊಂದಾ?" ಅಂದ. ನಾನು ಮಣಿಯಲಿಲ್ಲ. ಇಂಗ್ಲೆಂಡಿನಲ್ಲಿ ಆಗದ ನ್ಯಾಯವನ್ನು ಮದ್ದೂರಿನಲ್ಲಿ ಮಾಡಿಸಿದೆ ಅಂತ ಒಳಗೊಳಗೇ ಬೀಗಿದೆ ಕೂಡ. ಒಂದು ಹನಿ ಕಣ್ಣೀರು ಬರಲಿಲ್ಲ.

ಮದುವೆ ಬೇಡ ಅಂದದ್ದಷ್ಟೇ ಮನೆಯಲ್ಲಿ ಹೇಳಿದೆ, ಯಾಕೆ ಅಂತ ಹೇಳಲಿಲ್ಲ. ಪ್ರಸನ್ನನ ತಂದೆಯ ಸುದ್ದಿ ನಮ್ಮ ಮನೆಯಲ್ಲಿ ಆಡುವ ಮಾತಾಗಬಾರದು ಅನ್ನಿಸಿತು. ಅತ್ತೆ ಬೈದು ಮಂಡ್ಯಕ್ಕೆ ಹೋದಳು. ಅಪ್ಪ ಎರಡು ದಿನ ಬಿಟ್ಟು, ಶೆಡ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ ಕೇಳಿದ: "ನಾನು ಸಾಸರ್ ಮುಟ್ನಿಲ್ವಲ್ಲವ್ವಾ?"

"ನಿನ್ನಿಂದ ಏನೂ ಆಗಿಲ್ಲ ಬುಡಪ್ಪ" ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಪ್ರಸನ್ನನ ಮದುವೆ ಬೇರೆ ಕಡೆ ಆಯಿತು. ಅತ್ತೆ ಟೌನಿನ ಬಳಕೆಗೆ ಹೋಗಿ ಊಟ ಮಾಡಿ ಬಂದು, ಪಾಯಸ ಚೆನ್ನಾಗಿರಲಿಲ್ಲ ಅಂತ ನನ್ನನ್ನು ಸಮಾಧಾನ ಮಾಡಿದಳು. ಗಂಡಿನ ತಂದೆ ಮಂಟಪದಲ್ಲಿ ಕಂಡರಾ ಅಂತ ಕೇಳಿದೆ. "ಆ ಯಪ್ಪ ಎಲ್ಲೋ ಒಳಗಿದ್ರು, ಶುಗರ್ ಅಂತೆ" ಅಂದಳು. ನಮ್ಮಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಇನ್ನು ಮುಚ್ಚಿಟ್ಟು ಏನಾಗಬೇಕು ಅಂತ, ಅತ್ತೆ ಹೊರಟ ಮೇಲೆ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಪ್ರಸನ್ನ ಅವರಪ್ಪನನ್ನು ಕಂಡು ನಾಚಿಕೊಂಡ, ಅದಕ್ಕೇ ಬೇಡ ಅಂದೆ, ನೀನು ಕಾರಣ ಅಲ್ಲ ಅಂದೆ. ಅಪ್ಪನಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಅಪ್ಪ ನನ್ನ ಮುಖವನ್ನೇ ನೋಡಿದ.

"ಅಷ್ಟಕ್ ಬುಟ್ಬುಟ್ಯಾ?"

"ಇನ್ನೇನು ಮತ್ತೆ?"

"ಮಕ್ಳು ಅವ್ರಪ್ಪನ್ ಕಂಡು ನಾಚ್ಕಳ್ದೆ ಇನ್ಯಾರನ್ ಕಂಡ್ ನಾಚ್ಕತವೆ ಕಣವ್ವ? ನಮ್ಮಪ್ಪ ಒಂದ್ ಚಡ್ಡಿ ಮ್ಯಾಲೆ ಇಸ್ಕೂಲ್ ತಾವ ಬಂದ್ರೆ ನಾನು ಉಣ್ಸೆ ಮರ ಅತ್ ಕೂತ್ಕಬುಡ್ತಿದ್ದೆ. ಅದು ಕೆಳಗ್ ನಿಂತ್ಕಂಡು 'ಬಾರ್ಲಾ, ಬುತ್ತಿ ತಂದಿವ್ನಿ' ಅಂತ ಕೂಗದು. ನಾನು ಎಲೆ ಸಂದೀಲಿ ಅವುಸ್ಕೊಂಡು ಉಸ್ರು ಬುಡ್ತಿರ್ನಿಲ್ಲ."

"ಆಮೇಲೆ?"

"ಆಮೇಲೇನು. ಇಳುದ್ ಬಂದೆ. ಯಾರಾದ್ರೂ ಇಳ್ದೇ ಇಳಿತರೆ. ಕೆಳಗ್ ಒಬ್ರು ನಿಂತಿರ್ಬೇಕು ಅಷ್ಟೇಯ. ಆ ಉಡ್ಗ ಇನ್ನೂ ಮರದ ಮ್ಯಾಲವ್ನೆ, ನೀನು ನಿಂತ್ಕಳದ್ ಬುಟ್ಟು ಮನೆಗ್ ಬಂದ್ಬುಟ್ಟೆ."

"ನೀನು ಯಾವಾಗಪ್ಪ ಇಳಿದದ್ದು?" ಅಂತ ಕೇಳಿದೆ.

"ಬಾಳ ದಿನ ಆಯ್ತು ಕಣವ್ವ ಇಳಿಯಾಕೆ" ಅಂದ ಅಪ್ಪ. "ನೀನ್ ಉಟ್ಟುದ್ ಮ್ಯಾಲೆ."

ಮದುವೆ ಬೇಡ ಅಂದ ದಿನ ಬಾರದ ಅಳು ಆಗ ಬಂತು. ಪ್ರಸನ್ನನಿಗಾಗಿಯೇ ಅತ್ತುಬಿಟ್ಟೆ, ಅವನನ್ನು ನಾನು ಎಷ್ಟು ಇಷ್ಟಪಟ್ಟಿದ್ದೆ ಅಂತ ನನಗೆ ತಿಳಿದದ್ದೇ ಆಗ. ಅಪ್ಪ ಏನು ಮಾಡಲೂ ತೋಚದೆ, ವೆಲ್ಡಿಂಗಿನ ಕಪ್ಪು ಕನ್ನಡಕವನ್ನು ಕಣ್ಣಿಗೆ ಏರಿಸಿಕೊಂಡು, ಕೆಲಸವಿಲ್ಲದಿದ್ದರೂ ನನ್ನ ಪಕ್ಕದಲ್ಲೇ ಕೂತಿದ್ದ.